ಟೋಪಿ, ತಲೆವಸ್ತ್ರ, ರುಮಾಲು: ತಿಂಡಿ ಯೂನಿಟ್ಟಿನಲ್ಲಿ ಯಾರ ತಲೆಗೆ ಯಾವುದು?

ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ನಮ್ಮ ಯೂನಿಟ್ಟಿನ ಬಾಗಿಲಲ್ಲಿ ನಿಂತರೆ ಮೊದಲು ಮೂಗಿಗೆ ಬಡಿಯುವುದು ಸಾಂಬಾರ್ ಪುಡಿಯ ಘಾಟಲ್ಲ, ಮಲ್ಲಿಗೆ. ಅರವತ್ತು ಜನರಲ್ಲಿ ಮುಕ್ಕಾಲು ಪಾಲು ಹೆಂಗಸರು, ಅವರಲ್ಲಿ ಹೆಚ್ಚಿನವರ ಜಡೆಯಲ್ಲಿ ಅರ್ಧ ಮೊಳ ಹೂವು. "ಹೂವು ತೆಗೀರಮ್ಮಾ" ಅಂದರೆ ಬರುವ ಉತ್ತರ ನನಗೆ ಬಾಯಿಪಾಠ ಆಗಿದೆ: "ಶುಕ್ರವಾರ ಸಾರ್, ಮುತ್ತೈದೆ ತಲೆಯಿಂದ ಹೂವು ತೆಗೆಸ್ತೀರಾ?" ಅದೇ ಬಾಗಿಲಲ್ಲಿ ಬುರ್ಖಾ ಹಾಕಿಕೊಂಡು ಬರುವ ನಾಲ್ಕೈದು ಜನ ಇರುತ್ತಾರೆ, ಗಡ್ಡ ಬಿಟ್ಟ ಹುಡುಗರು ಇರುತ್ತಾರೆ, ನವೆಂಬರ್ ಬಂತೆಂದರೆ ಮಾಲೆ ಹಾಕಿದ ಅಯ್ಯಪ್ಪ ಸ್ವಾಮಿಗಳು ಬೇರೆ.

ಹೀಗೆ ಬಾಗಿಲಲ್ಲಿ ನಿಂತು ತಲೆ ನೋಡುವುದೇ ನನ್ನ ಕೆಲಸ. ಹೆಸರಿಗೆ ಕ್ಯೂಸಿ, ಅಂದರೆ ಗುಣಮಟ್ಟ ನೋಡುವವನು, ಅರ್ಧ ದಿನ ಹೋಗುವುದು "ಟೋಪಿ ಸರಿ ಮಾಡ್ಕೊಳ್ಳಿ" ಅನ್ನುವುದರಲ್ಲೇ. ಮೊದಮೊದಲು ನಾನೂ ಎಲ್ಲರಂತೆ ಯೋಚಿಸುತ್ತಿದ್ದೆ. ಎಲ್ಲರಿಗೂ ಒಂದೇ ನೀಲಿ ಟೋಪಿ, ಹಾಕಿದವರು ಒಳಗೆ, ಹಾಕದವರು ಹೊರಗೆ. ಹೇಳುವುದಕ್ಕೆ ಸುಲಭ. ಆದರೆ ಪುಡಿಯಲ್ಲಿ ಕೂದಲು ಸಿಗುವುದು ನಿಲ್ಲಲಿಲ್ಲ, ಕೆಲಸ ಬಿಟ್ಟು ಹೋಗುವವರು ಮಾತ್ರ ಜಾಸ್ತಿ ಆದರು, ಅದರಲ್ಲೂ ಕೈ ಪಳಗಿದವರು. ಆಮೇಲೆ ಒಂದೊಂದಾಗಿ ಬೇರೆ ದಾರಿಗಳನ್ನು ನೋಡುತ್ತಾ ಬಂದೆ. ಯಾವುದು ಎಲ್ಲಿ ನಡೆಯುತ್ತದೆ, ಎಲ್ಲಿ ಕೈಕೊಡುತ್ತದೆ ಅನ್ನುವುದನ್ನು ಇಲ್ಲಿ ಹೇಳುತ್ತೇನೆ. ಸಣ್ಣ ಯೂನಿಟ್ ನಡೆಸುವವರಿಗೂ, ಸೂಪರ್‌ವೈಸರ್‌ಗಳಿಗೂ, ಟೋಪಿ ಹಾಕಿಕೊಳ್ಳಬೇಕಾದವರಿಗೂ ಉಪಯೋಗ ಆಗಬಹುದು.

ನಿಯಮದಲ್ಲಿ ನಿಜವಾಗಿ ಏನಿದೆ

"ಎಫ್‌ಎಸ್‌ಎಸ್‌ಎಐ ರೂಲು, ಟೋಪಿ ಹಾಕಲೇಬೇಕು" ಅಂತ ಎಲ್ಲರೂ ಹೇಳುತ್ತಾರೆ. ಎಫ್‌ಎಸ್‌ಎಸ್‌ಎಐ ಅಂದರೆ ದೇಶದ ಆಹಾರ ಸುರಕ್ಷತೆ ನೋಡಿಕೊಳ್ಳುವ ಪ್ರಾಧಿಕಾರ. ಅದರ ರೂಲು ತೆಗೆದು ಓದಿದವರು ಕಮ್ಮಿ. 2011ರ ಲೈಸೆನ್ಸ್ ನಿಯಮಗಳ ಶೆಡ್ಯೂಲ್ 4ರಲ್ಲಿ ಇರುವುದು ಇಷ್ಟು: ಆಹಾರ ಮುಟ್ಟುವವರಿಗೆ ಶುಚಿಯಾದ ಕೆಲಸದ ಬಟ್ಟೆ, ತಲೆ ಮುಚ್ಚುವಂಥದ್ದು, ಮಾಸ್ಕು, ಗ್ಲೌಸು, ಚಪ್ಪಲಿ ಅಥವಾ ಶೂ, ಇವನ್ನು ಮಾಲೀಕರೇ ಕೊಡಬೇಕು, ದಿನಾ ಶುಚಿಯಾದದ್ದನ್ನೇ ಹಾಕಿದ್ದಾರೆ ಅಂತ ನೋಡಿಕೊಳ್ಳಬೇಕು. ಆಹಾರಕ್ಕೆ ಬೀಳುವಂಥ ಸಡಿಲ ಒಡವೆ ಕೂಡದು. ಮುಖ, ಕೂದಲು ಮುಟ್ಟಿಕೊಳ್ಳುತ್ತಾ ಇರಬಾರದು. ತಲೆ ಮುಚ್ಚಬೇಕು ಅಂತ ಇದೆಯೇ ಹೊರತು ಅದು ಇಂಥದೇ ಟೋಪಿ ಆಗಿರಬೇಕು ಅಂತ ಇಲ್ಲ. ಮತ್ತೆ, ಕೊಡಬೇಕಾದವರು ಮಾಲೀಕರು. ಟೋಪಿಗೆ ಸಂಬಳದಲ್ಲಿ ದುಡ್ಡು ಹಿಡಿಯುವವರು ಈ ಸಾಲನ್ನು ಇನ್ನೊಂದು ಸಲ ಓದಿಕೊಳ್ಳಿ.

ಅಮೆರಿಕಕ್ಕೆ ಮಾಲು ಕಳಿಸುವವರಿಗೆ ಅಲ್ಲಿನ ನಿಯಮವೂ ಬೇಕಾಗುತ್ತದೆ. ಅದರಲ್ಲೂ ಹೇರ್‌ನೆಟ್, ಹೆಡ್‌ಬ್ಯಾಂಡ್, ಕ್ಯಾಪ್, ಗಡ್ಡದ ಕವರ್ ಅಂತ ಹೆಸರಿಸಿ, ಕೊನೆಗೆ "ಅಥವಾ ಕೂದಲನ್ನು ಸರಿಯಾಗಿ ತಡೆಯುವ ಬೇರೆ ಏನಾದರೂ" ಅಂತ ಸೇರಿಸಿದ್ದಾರೆ. ಕೆಲಸ ಆಗುತ್ತದಾ ಅನ್ನುವುದು ಮುಖ್ಯ, ನೋಡಲು ಹೇಗಿದೆ ಅನ್ನುವುದಲ್ಲ.

ಯುರೋಪಿನ ದೊಡ್ಡ ಅಂಗಡಿಗಳಿಗೆ ಮಾರುವವರು ಬಿಆರ್‌ಸಿ (ಬ್ರಿಟನ್ನಿನಲ್ಲಿ ಹುಟ್ಟಿದ ಆಹಾರ ಸುರಕ್ಷತೆಯ ಮಾನದಂಡ) ಆಡಿಟ್ ಮಾಡಿಸುತ್ತಾರೆ. ಅದರಲ್ಲಿ ತಲೆಕೂದಲು ಪೂರ್ತಿ ಒಳಗಿರಬೇಕು, ಒಡವೆ ಕೂಡದು. ಆದರೆ ಒಂದು ವಿನಾಯಿತಿ ಇದೆ. ಏನೂ ಕೆತ್ತನೆ, ಹರಳು ಇಲ್ಲದ ಮದುವೆ ಉಂಗುರ ಇರಬಹುದು, ಮದುವೆಯ ಕೈಪಟ್ಟಿಯೂ ಇರಬಹುದು. ಇದನ್ನು ಮೊದಲ ಸಲ ಓದಿದಾಗ ನಾನು ನಕ್ಕುಬಿಟ್ಟೆ. ಶುಚಿತ್ವದ ಲೆಕ್ಕದಲ್ಲಿ ಉಂಗುರದ ಕೆಳಗೆ ಕೊಳೆ ಕೂರುವುದು ಎಲ್ಲರಿಗೂ ಗೊತ್ತು. ಆದರೂ ಬಿಟ್ಟಿದ್ದಾರೆ, ಯಾಕೆಂದರೆ ಅವರ ಕಡೆ ಮದುವೆಯಾದವರು ಉಂಗುರ ತೆಗೆಯುವುದಿಲ್ಲ. ಅಂದರೆ ಸಂಪ್ರದಾಯಕ್ಕೆ ಜಾಗ ಬಿಡುವುದು ಹೊಸದಾಗಿ ಯಾರೋ ಎತ್ತಿದ ತಕರಾರಲ್ಲ. ನಿಯಮ ಬರೆದವರ ಮನೆಯ ಸಂಪ್ರದಾಯಕ್ಕೆ ಆಗಲೇ ಬಿಟ್ಟಾಗಿದೆ. ನಮ್ಮ ತಾಳಿ, ಕಾಲುಂಗುರ, ತಲೆವಸ್ತ್ರದ ಪ್ರಶ್ನೆ ಬಂದಾಗ ಮಾತ್ರ "ರೂಲ್ ಈಸ್ ರೂಲ್" ಅಂತಾರೆ, ಅಲ್ವಾ?

ಹಾಗಂತ ಕೂದಲು ಸಣ್ಣ ವಿಷಯ ಅಂತಲ್ಲ. ಒಬ್ಬೊಬ್ಬರ ತಲೆಯಿಂದ ದಿನಕ್ಕೆ 50ರಿಂದ 100 ಕೂದಲು ಉದುರುತ್ತವೆ, ಯಾರೂ ಉದುರಿಸಬೇಕಾಗಿಲ್ಲ, ತಾನೇ ಉದುರುತ್ತವೆ. ಜೊತೆಗೆ ಹೊಟ್ಟು. ಚರ್ಮದ ಮೇಲೆ, ಮೂಗಿನಲ್ಲಿ, ನೆತ್ತಿಯಲ್ಲಿ ಸ್ಟೆಫೈಲೊಕಾಕಸ್ ಅನ್ನುವ ಬ್ಯಾಕ್ಟೀರಿಯಾ ಇರುತ್ತದೆ. ಅದು ಆಹಾರದಲ್ಲಿ ಬೆಳೆದು ವಿಷ ಬಿಟ್ಟರೆ ಆಮೇಲೆ ಕುದಿಸಿದರೂ ಆ ವಿಷ ಸುಲಭಕ್ಕೆ ಹೋಗುವುದಿಲ್ಲ. ಇನ್ನು ಆಹಾರದಲ್ಲಿ ಹೊರಗಿನ ವಸ್ತು ಸಿಕ್ಕರೆ 2006ರ ಆಹಾರ ಸುರಕ್ಷತಾ ಕಾಯ್ದೆಯ 54ನೇ ಸೆಕ್ಷನ್ನಿನಲ್ಲಿ ಒಂದು ಲಕ್ಷ ರೂಪಾಯಿವರೆಗೆ ದಂಡ. ಚಟ್ನಿಪುಡಿ ಪ್ಯಾಕೆಟ್ಟಿನಲ್ಲಿ ಉದ್ದ ಕೂದಲು ಕಂಡ ಗಿರಾಕಿ ದಂಡದ ತನಕ ಕಾಯುವುದೂ ಇಲ್ಲ, ಫೋಟೋ ತೆಗೆದು ಎಲ್ಲ ಗ್ರೂಪಿಗೂ ಹಾಕಿರುತ್ತಾರೆ.

ಮೊದಲು ಕೈ ಎಣಿಸಿ

ಯಾವುದನ್ನು ಆರಿಸುವುದು ಅಂತ ನೋಡುವ ಮೊದಲು ಒಂದು ಕೆಲಸ ಮಾಡಿ. ಪ್ಯಾಕಿಂಗ್ ಟೇಬಲ್ ಪಕ್ಕ ಒಂದು ಗಂಟೆ ಸುಮ್ನೆ ಕೂತು, ಒಬ್ಬೊಬ್ಬರ ಕೈ ಎಷ್ಟು ಸಲ ತಲೆಗೆ ಹೋಗುತ್ತದೆ ಎಣಿಸಿ. ನಾನು ಎಣಿಸಿದಾಗ ಗೊತ್ತಾಗಿದ್ದು, ನಮ್ಮ ತೊಂದರೆ ತಲೆಯಲ್ಲಿ ಇರಲಿಲ್ಲ, ಕೈಯಲ್ಲಿತ್ತು. ಕಿವಿಗೆ ಕಚ್ಚುವ ಎಲಾಸ್ಟಿಕ್ ಇದ್ದವರು ಟೋಪಿಯನ್ನು ಹಿಂದಕ್ಕೆ ತಳ್ಳುತ್ತಿದ್ದರು. ಟೋಪಿ ಒಳಗೆ ಹೂವು ಮುಚ್ಚಿಟ್ಟವರು ಅದು ಜಾರಿತಾ ಅಂತ ಮುಟ್ಟಿ ನೋಡುತ್ತಿದ್ದರು. ಸೆರಗು ಹೊದ್ದವರು ನಿಮಿಷಕ್ಕೊಂದು ಸಲ ಎಳೆದುಕೊಳ್ಳುತ್ತಿದ್ದರು. ಎಲ್ಲರಿಗಿಂತ ಕಮ್ಮಿ ಸಲ ತಲೆ ಮುಟ್ಟಿದವರು ಯಾರು ಗೊತ್ತಾ? ಗಟ್ಟಿಯಾಗಿ ತಲೆವಸ್ತ್ರ ಕಟ್ಟಿ ಅದರ ಮೇಲೆ ಟೋಪಿ ಹಾಕಿದ್ದ ಇಬ್ಬರು ಆಪಾಗಳು (ಮುಸ್ಲಿಂ ಅಕ್ಕಂದಿರನ್ನು ಹಾಗೆ ಕರೆಯುತ್ತೇವೆ). ಅವರ ಬಟ್ಟೆಯಲ್ಲಿ ಬೇರೆ ತೊಂದರೆ ಇತ್ತು, ಅದಕ್ಕೆ ಬರುತ್ತೇನೆ, ಆದರೆ ಕೂದಲು ಹಿಡಿದಿಡುವುದರಲ್ಲಿ ಅವರದೇ ಮೇಲು.

ಅಂದಿನಿಂದ ನಾನು ಯಾವ ಹೊದಿಕೆ ನೋಡಿದರೂ ಎರಡೇ ವಿಷಯ ಕೇಳುತ್ತೇನೆ. ಇದು ಜಾರಿ ಕೈಯನ್ನು ಮೇಲಕ್ಕೆ ಕರೆಯುತ್ತದಾ? ಇದು ಎಲ್ಲಿ ಒಗೆದು ಎಲ್ಲಿಂದ ಬಂದ ಬಟ್ಟೆ? ಯಾವ ಧರ್ಮದ್ದು ಅನ್ನುವುದಕ್ಕೆ ಇದರಲ್ಲಿ ಕೆಲಸವೇ ಇಲ್ಲ.

ಬಳಸಿ ಬಿಸಾಡುವ ಟೋಪಿ

ಎಲ್ಲರಿಗೂ ಗೊತ್ತಿರುವ, ನೆರಿಗೆ ನೆರಿಗೆಯ, ಸುತ್ತ ಎಲಾಸ್ಟಿಕ್ ಇರುವ ಟೋಪಿ. ಒಟ್ಟಿಗೆ ಕೊಂಡರೆ ಒಂದಕ್ಕೆ ಒಂದೆರಡು ರೂಪಾಯಿ. ಅಗ್ಗ ಅನಿಸುತ್ತದೆ, ಲೆಕ್ಕ ಹಾಕಿ: 60 ಜನ, ಬೆಳಿಗ್ಗೆ ಒಂದು, ಊಟ ಆದಮೇಲೆ ಒಂದು, 26 ದಿನ, ತಿಂಗಳಿಗೆ 3120 ಟೋಪಿ. ಇದರ ಒಳ್ಳೆಯ ಗುಣ, ಒಗೆಯುವ ರಗಳೆ ಇಲ್ಲ, ಬಂದುಹೋಗುವವರಿಗೂ ಕೊಡಬಹುದು. ನೀಲಿ ಬಣ್ಣದ್ದೇ ತೆಗೆದುಕೊಳ್ಳಿ. ನೀಲಿ ಬಣ್ಣದ ತಿನಿಸು ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ, ಚೂರು ಹರಿದು ಬಿದ್ದರೂ ಕಣ್ಣಿಗೆ ಬೀಳುತ್ತದೆ. ಅಕ್ಕಿಹಿಟ್ಟಿನ ಯೂನಿಟ್ಟಿನಲ್ಲಿ ಬಿಳಿ ಟೋಪಿ ಹಾಕಿಸುವವರನ್ನು ನೋಡಿದರೆ ನನಗೆ ಆಶ್ಚರ್ಯ.

ಇದು ಕೈಕೊಡುವುದು ಎಲ್ಲಿ ಅಂದರೆ, ಒಂದು, ದೊಡ್ಡ ತುರುಬು, ದಪ್ಪ ಜಡೆ ಇರುವವರಿಗೆ. ಇದು ಪಾಪ ಮೊದಲೇ ತುಂಬಿರುತ್ತದೆ, ಹಿಂದಿನಿಂದ ಜಡೆ ಹೊರಗೆ ಇಣುಕುತ್ತದೆ. ಎರಡು, ಒಲೆ ಪಕ್ಕ. ಈ ಟೋಪಿ ಬಟ್ಟೆಯಲ್ಲ, ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ಕು, ಸುಮಾರು 160 ಡಿಗ್ರಿಗೆ ಕರಗುತ್ತದೆ. ಚಕ್ಕುಲಿ ಕರಿಯುವ ಎಣ್ಣೆ ಅದಕ್ಕಿಂತ ಬಿಸಿ ಇರುತ್ತದೆ, ಕೆಳಗಿನ ಉರಿಯ ಮಾತಂತೂ ಬೇಡ. ಬಾಣಲೆ ಮುಂದೆ ನಿಲ್ಲುವವರಿಗೆ ಇದನ್ನು ಕೊಡಬೇಡಿ.

ಒಗೆಯುವ ಬಟ್ಟೆ ಟೋಪಿ

ಕರಿಯುವ ಕಡೆ, ಹುರಿಯುವ ಕಡೆ, ರೊಟ್ಟಿ ತಟ್ಟುವ ಕಡೆ ಇದೇ ಸರಿ. ಬೆವರು ಹೀರುತ್ತದೆ, ಹಾಗಾಗಿ ಹಣೆ ಒರೆಸಿಕೊಳ್ಳಲು ಕೈ ಮೇಲೆ ಹೋಗುವುದು ಕಮ್ಮಿ. ಆದರೆ ಬರೀ ಬಟ್ಟೆ ಟೋಪಿ, ಅದರಲ್ಲೂ ಕ್ರಿಕೆಟ್ ಕ್ಯಾಪಿನಂಥದ್ದು, ಕೂದಲು ತಡೆಯುವುದಿಲ್ಲ, ಕಿವಿಯ ಹಿಂದೆ ಕತ್ತಿನ ಮೇಲೆ ಎಲ್ಲ ಹೊರಗೇ. ಒಳಗೆ ಒಂದು ಬಲೆ ಹಾಕಿಕೊಂಡು ಮೇಲೆ ಟೋಪಿ ಹಾಕಿದರೆ ಮಾತ್ರ ಲೆಕ್ಕಕ್ಕೆ ಬರುತ್ತದೆ.

ಉತ್ತರ ಕರ್ನಾಟಕದ ರೊಟ್ಟಿ ಯೂನಿಟ್ಟುಗಳ ವಿಷಯ ಸ್ವಲ್ಪ ಬೇರೆ. ಅಲ್ಲಿ ಹೆಂಗಸರಿಗೆ ತಲೆ ಮೇಲೆ ಸೆರಗು ಇರಬೇಕು, ಹಿರಿಯರು ಓಡಾಡುವ ಮನೆಯ ಪಡಸಾಲೆಯಲ್ಲೇ ಯೂನಿಟ್ ಇದ್ದರಂತೂ ಇರಲೇಬೇಕು. ಸೆರಗು ಅಂದರೆ ಜಾರುವ ಬಟ್ಟೆ, ಹಿಟ್ಟಿನ ಕೈಯಲ್ಲಿ ಅದನ್ನು ಸರಿಮಾಡಬೇಕು, ಜೊತೆಗೆ ಉರಿಯುವ ಒಲೆ ಬೇರೆ. ಶುಚಿತ್ವ ಪಕ್ಕಕ್ಕಿರಲಿ, ಜೀವಕ್ಕೇ ಅಪಾಯ. "ಸೆರಗು ತೆಗಿ, ಟೋಪಿ ಹಾಕು" ಅಂದರೆ ಅತ್ತೆ ಮುಂದೆ ಯಾರು ಹಾಕುತ್ತಾರೆ? ನಾನು ನೋಡಿದ ಒಂದು ಕಡೆ ಚೆನ್ನಾಗಿ ಮಾಡಿದ್ದರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಮೇಲೆ ಏಪ್ರನ್ ಕಟ್ಟಿಕೊಳ್ಳುವುದು, ತಲೆಗೆ ಕುತ್ತಿಗೆ ತನಕ ಬರುವ, ಹಿಂದೆ ಗಂಟು ಹಾಕುವ ಕಾಟನ್ ವಸ್ತ್ರ. ತಲೆ ಮುಚ್ಚಿದ ಹಾಗೂ ಆಯಿತು, ಮರ್ಯಾದೆ ಉಳಿದ ಹಾಗೂ ಆಯಿತು. ಅದನ್ನು ಹೊಲಿದವರು ಅಲ್ಲಿನ ಮಹಿಳಾ ಸಂಘದವರೇ.

ತಲೆವಸ್ತ್ರ: ಮನೆಯಿಂದ ತಂದದ್ದೋ, ಯೂನಿಟ್ ಕೊಟ್ಟದ್ದೋ

ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ಎಲ್ಲರೂ ಎಡವುವುದು ಇಲ್ಲೇ.

ಮುಸ್ಲಿಂ ಹೆಂಗಸರು ತಲೆವಸ್ತ್ರ ಹಾಕಿಕೊಂಡು ಬಂದಾಗ ಮ್ಯಾನೇಜರ್‌ಗಳು ಎರಡರಲ್ಲಿ ಒಂದು ಮಾಡುತ್ತಾರೆ. ಒಂದೋ "ಅದನ್ನು ತೆಗೆದು ಟೋಪಿ ಹಾಕಿ" ಅಂತ ಹಟ ಹಿಡಿಯುತ್ತಾರೆ, ಇಲ್ಲವೇ "ಧರ್ಮದ ವಿಷಯ, ನಮಗ್ಯಾಕೆ" ಅಂತ ಬಂದ ಹಾಗೇ ಒಳಗೆ ಬಿಟ್ಟುಬಿಡುತ್ತಾರೆ. ಎರಡೂ ತಪ್ಪು. ತಲೆವಸ್ತ್ರ ಕೂದಲು ಮುಚ್ಚುತ್ತದೆ, ಕಿವಿ ಮುಚ್ಚುತ್ತದೆ, ಕತ್ತು ಮುಚ್ಚುತ್ತದೆ. ನಿಯಮ ಕೇಳುವುದಕ್ಕಿಂತ ಜಾಸ್ತಿಯೇ ಮುಚ್ಚುತ್ತದೆ. ತಕರಾರು ಇರುವುದು ಮೂರು ಕಡೆ. ಆ ಬಟ್ಟೆ ಬೆಳಿಗ್ಗೆ ಬಸ್ಸಿನಲ್ಲಿ ಬಂದಿದೆ, ಧೂಳು ಕುಡಿದಿದೆ. ಅದಕ್ಕೆ ಪಿನ್ನು ಚುಚ್ಚಿರುತ್ತಾರೆ. ಮತ್ತೆ ತುದಿ ಇಳಿಬಿದ್ದಿರುತ್ತದೆ.

ಬಸ್ಸಿನ ಬಟ್ಟೆ ಬೇಡ ಅನ್ನುವುದು ಎಲ್ಲರಿಗೂ ಇರುವ ನಿಯಮ. ನಾನು ಮನೆಯಿಂದ ಹಾಕಿಕೊಂಡು ಬಂದ ಶರ್ಟಿನ ಮೇಲೆ ಕೋಟು ಹಾಕಿಕೊಳ್ಳುತ್ತೇನಲ್ಲ, ಹಾಗೇ. ಪರಿಹಾರವೂ ಹಾಗೇ ಇದೆ. ಯೂನಿಟ್ಟೇ ತಲೆವಸ್ತ್ರ ಹೊಲಿಸಿ ಕೊಡಬೇಕು. ತಲೆಯ ಮೇಲಿಂದ ಎಳೆದು ಹಾಕಿಕೊಳ್ಳುವಂಥದ್ದು, ಪಿನ್ನೇ ಬೇಡದ್ದು, ಗಲ್ಲದ ಕೆಳಗೆ ಗಟ್ಟಿಯಾಗಿ ಕೂರುವಂಥದ್ದು, ಅಂಚು ಕೋಟಿನ ಒಳಗೆ ಹೋಗುವಷ್ಟು ಉದ್ದ. ಒಬ್ಬರಿಗೆ ಮೂರು: ಮೈಮೇಲೆ ಒಂದು, ಒಗೆಯಲು ಒಂದು, ಬೀರುವಿನಲ್ಲಿ ಒಂದು. ಬಿಸಿನೀರಲ್ಲಿ ಯೂನಿಟ್ಟಿನಲ್ಲೇ ಒಗೆಯಬೇಕು, ಕೋಟು ಒಗೆಯುವ ಜೊತೆಗೇ. ಬಣ್ಣ ಎಲ್ಲರ ಟೋಪಿಯದ್ದೇ ಇರಲಿ. ಅದರ ಮೇಲೆ ಬಿಸಾಡುವ ಟೋಪಿ ಬೇಕಾ ಅಂದರೆ, ತೆರೆದ ತಿನಿಸು ಇರುವ ಕಡೆ ಹಾಕಿಸಿ. ಬಟ್ಟೆಯ ನೂಲು, ಎಳೆ ಉದುರುವುದನ್ನು ಅದು ತಡೆಯುತ್ತದೆ. ಬರೀ ಕಾಟನ್ನಿಗೆ ಎಳೆ ಬಿಡುವ ಗುಣ ಇದೆ, ಪಾಲಿಯೆಸ್ಟರ್ ಬೆರೆಸಿದ್ದು ಕಮ್ಮಿ ಬಿಡುತ್ತದೆ, ಆದರೆ ಬೆಂಕಿ ಹತ್ತಿರ ಬೇಡ. ಹಾಗಾಗಿ ಪ್ಯಾಕಿಂಗಿಗೆ ಬೆರಕೆ ಬಟ್ಟೆ, ಒಲೆ ಪಕ್ಕಕ್ಕೆ ಕಾಟನ್.

ಪಿನ್ನು ಮಾತ್ರ ಕಟ್ಟುನಿಟ್ಟಾಗಿ ಬೇಡ. ಇದು ತಲೆವಸ್ತ್ರದ ಪಿನ್ನಿಗಷ್ಟೇ ಅಲ್ಲ, ಸೀರೆ ಪಿನ್ನು, ತುರುಬಿನ ಪಿನ್ನು, ಬಳೆಗೆ ಸಿಕ್ಕಿಸಿಕೊಂಡಿರುವ ಪಿನ್ನು (ನಮ್ಮ ಹೆಂಗಸರ ಬಳೆಯಲ್ಲಿ ಒಂದು ಪಿನ್ನು ಇದ್ದೇ ಇರುತ್ತದೆ, ಯಾವಾಗ ಬೇಕಾಗುತ್ತದೋ ಅಂತ), ಎಲ್ಲಕ್ಕೂ. ಮೆಟಲ್ ಡಿಟೆಕ್ಟರ್ ಇದೆಯಲ್ಲ ಅನ್ನಬೇಡಿ. ಸಣ್ಣ ತೆಳ್ಳನೆ ಪಿನ್ನು ಮೆಷಿನ್ನಿಗೆ ಕಾಣುತ್ತದೋ ಇಲ್ಲವೋ ಅನ್ನುವುದು ಅದು ಯಾವ ದಿಕ್ಕಿಗೆ ತಿರುಗಿ ಹೋಗುತ್ತದೆ ಅನ್ನುವುದರ ಮೇಲೂ ನಿಂತಿದೆ.

ಎಷ್ಟೇ ಒಳ್ಳೆಯ ತಲೆವಸ್ತ್ರ ಹೊಲಿಸಿದರೂ ಬದಲಾಯಿಸಿಕೊಳ್ಳಲು ಜಾಗ ಇಲ್ಲದಿದ್ದರೆ ಎಲ್ಲ ವ್ಯರ್ಥ. ಚಿಲಕ ಇರುವ ಬಾಗಿಲು, ಒಂದು ಕನ್ನಡಿ, ಬುರ್ಖಾ ತೂಗುಹಾಕಲು ಮೊಳೆ, ಒಳಗೆ ಗಂಡಸರು ಬರುವುದಿಲ್ಲ ಅನ್ನುವ ಭರವಸೆ. ಕೂದಲು ಹೊರಗಿದೆಯಾ ಅಂತ ನೋಡುವವರು ಹೆಂಗಸಾಗಿರಲಿ. ಮೊದಲು ನಾನೇ ನೋಡುತ್ತಿದ್ದೆ, ಎಷ್ಟು ಜನಕ್ಕೆ ಮುಜುಗರ ಆಗುತ್ತಿತ್ತು ಅಂತ ಆಮೇಲೆ ಒಬ್ಬ ಆಪಾ ಹೇಳಿದರು. "ನೀವು ಒಳ್ಳೆಯವರೇ ಭಾಯ್, ಆದ್ರೂ ನೀವು ಗಂಡಸ್ರಲ್ವಾ?" ಅಂದರು. ಅವರ ಮಾತು ಸರಿ. ಈಗ ಆ ಕೆಲಸ ಪ್ಯಾಕಿಂಗಿನ ಹಿರಿಯಕ್ಕನದು.

ಮುಖ ಮುಚ್ಚುವವರ ವಿಷಯ ಇನ್ನೂ ಸುಲಭ. ನಖಾಬ್ ಬದಲು ಮಾಸ್ಕು, ಅದು ಎಲ್ಲರಿಗೂ ಇದ್ದೇ ಇದೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. "ಹೈಕೋರ್ಟೇ ಹಿಜಾಬ್ ಬೇಡ ಅಂದಿದೆ" ಅಂತ ವಾದ ಮಾಡುವ ಸೂಪರ್‌ವೈಸರ್‌ಗಳನ್ನು ಕಂಡಿದ್ದೇನೆ. 2022ರ ಮಾರ್ಚ್ 15ರ ಆ ತೀರ್ಪು ಶಾಲೆ ಕಾಲೇಜಿನ ಸಮವಸ್ತ್ರದ್ದು. ಅದೇ ವರ್ಷ ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನಲ್ಲಿ ಇಬ್ಬರು ನ್ಯಾಯಮೂರ್ತಿಗಳು ಎರಡು ಬೇರೆ ಬೇರೆ ತೀರ್ಪು ಕೊಟ್ಟರು. ಚಕ್ಕುಲಿ ಯೂನಿಟ್ಟಿನ ಪ್ಯಾಕಿಂಗ್ ಟೇಬಲ್ಲಿಗೂ ಅದಕ್ಕೂ ಸಂಬಂಧ ಇಲ್ಲ. ಅದನ್ನು ಇಲ್ಲಿಗೆ ಎಳೆದು ತರಬೇಡಿ.

ರುಮಾಲು ಮತ್ತು ಸರ್ದಾರರ ಪಗಡಿ

ಕರ್ನಾಟಕದಲ್ಲಿ ಸಿಖ್ಖರು ಎಲ್ಲಿದ್ದಾರೆ ಅಂತ ಕೇಳುವವರು ಒಂದು ಸಲ ಬೀದರಿನ ನಾನಕ್ ಝೀರಾ ಗುರುದ್ವಾರಕ್ಕೆ ಹೋಗಿ ಬನ್ನಿ. ಸಿಖ್ಖರ ಖಾಲ್ಸಾ ಪಂಥಕ್ಕೆ ಮೊದಲು ಸೇರಿದ ಐವರು, ಅಂದರೆ ಪಂಚ್ ಪ್ಯಾರೆಗಳಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ಬೀದರಿನವರೇ. ಬೆಂಗಳೂರಿನ ಬೇಕರಿ, ಕ್ಯಾಟರಿಂಗ್ ಕಡೆಯೂ ಅಲ್ಲೊಬ್ಬರು ಇಲ್ಲೊಬ್ಬರು ಸಿಗುತ್ತಾರೆ.

ಪಗಡಿ ತೆಗೆಯಲು ಹೇಳಬಾರದು. ಹೇಳುವ ಅವಶ್ಯಕತೆಯೂ ಇಲ್ಲ, ಯಾಕೆಂದರೆ ಐದಾರು ಮೀಟರ್ ಬಟ್ಟೆ ಬಿಗಿಯಾಗಿ ಸುತ್ತಿದ ಮೇಲೆ ಅದರಿಂದ ಕೂದಲು ಉದುರಲು ದಾರಿಯೇ ಇಲ್ಲ. ಇಲ್ಲೂ ಇರುವುದು ಬಸ್ಸಿನ ಧೂಳಿನ ಪ್ರಶ್ನೆ. ಎರಡು ದಾರಿ ಇವೆ. ಪಗಡಿಯ ಮೇಲೆ ದೊಡ್ಡ ಅಳತೆಯ ಬಲೆ ಟೋಪಿ ಹಾಕುವುದು ಒಂದು. ಇನ್ನೊಂದು, ಕೆಲಸಕ್ಕೆ ಬಂದು ಪಟ್ಕಾ (ಕೂದಲಿನ ಮೇಲೆ ಬಿಗಿಯಾಗಿ ಕಟ್ಟುವ ಸಣ್ಣ ಬಟ್ಟೆ) ಕಟ್ಟಿಕೊಂಡು ಅದರ ಮೇಲೆ ಟೋಪಿ. ಯಾವುದು ಅಂತ ಅವರೇ ಹೇಳಲಿ, ನೀವು ಊಹಿಸಬೇಡಿ. ಸೆಖೆ ಇರುವ ಕಡೆ ಎರಡನೆಯದೇ ಹಿತ. ಕೈಯ ಕಡಾ (ಸಿಖ್ಖರ ಉಕ್ಕಿನ ಬಳೆ) ತೆಗೆಯದವರಿಗೆ ಅದನ್ನು ಮೇಲಕ್ಕೆ ಸರಿಸಿ ಉದ್ದ ಗ್ಲೌಸಿನ ಒಳಗೆ ಮುಚ್ಚಿಸಿ.

"ಹೆಲ್ಮೆಟ್‌ಗೇ ವಿನಾಯಿತಿ ಇದೆ, ಟೋಪಿಗೆ ಯಾಕಿಲ್ಲ?" ಅಂತ ಒಬ್ಬರು ಕೇಳಿದ್ದರು. ಒಳ್ಳೆಯ ಪ್ರಶ್ನೆ. ಮೋಟಾರು ವಾಹನ ಕಾಯ್ದೆಯ 129ನೇ ಸೆಕ್ಷನ್ನಿನಲ್ಲಿ ಪಗಡಿ ಕಟ್ಟಿದ ಸಿಖ್ಖರಿಗೆ ಹೆಲ್ಮೆಟ್ ಬೇಡ. ಬ್ರಿಟನ್ನಿನಲ್ಲಿ 1989ರ ಕಾಯ್ದೆ ಕಟ್ಟಡ ಕೆಲಸದ ಹೆಲ್ಮೆಟ್ಟಿಗೆ ವಿನಾಯಿತಿ ಕೊಟ್ಟಿತು, 2015ರಲ್ಲಿ ಬೇರೆ ಕೆಲಸದ ಜಾಗಗಳಿಗೂ ವಿಸ್ತರಿಸಿದರು. ಆದರೆ ಹೆಲ್ಮೆಟ್ ಉಳಿಸುವುದು ಹಾಕಿಕೊಂಡವರ ತಲೆಯನ್ನು. ನಮ್ಮ ಟೋಪಿ ಕಾಯುವುದು ಬೇರೆ ಯಾರದ್ದೋ ಮನೆಯ ಮಗುವಿನ ಹೊಟ್ಟೆಯನ್ನು. ಹಾಗಾಗಿ "ನನ್ನ ಅಪಾಯ ನನಗಿರಲಿ" ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ. ವಿನಾಯಿತಿ ಬೇಡ, ಬೇರೆ ರೀತಿಯಲ್ಲಿ ಮುಚ್ಚುವ ದಾರಿ ಬೇಕು.

ನಮ್ಮ ಹಳ್ಳಿಯ ರುಮಾಲು, ಪಟಗ ಸುತ್ತಿ ಬರುವ ಹಿರಿಯರಿಗೂ ಇದೇ. ಬೆಲ್ಲದ ಗಾಣದ ಮನೆಯಲ್ಲಿ ಅದೇ ಟವೆಲ್ಲು ತಲೆಗೂ, ಬೆವರು ಒರೆಸಲೂ, ಬಿಸಿ ಪಾತ್ರೆ ಹಿಡಿಯಲೂ ಬಳಕೆಯಾಗುವುದನ್ನು ನೋಡಿದವರಿಗೆ ನಾನು ಹೇಳುವುದು ಅರ್ಥ ಆಗುತ್ತದೆ. ತಲೆಗೆ ಒಂದು, ಕೈಗೆ ಒಂದು, ಬೇರೆ ಬೇರೆ ಬಣ್ಣದ್ದು ಕೊಡಿ.

ಗಡ್ಡ

ಬ್ರಿಟನ್ನಿನಲ್ಲಿ ಇದು ಕೋರ್ಟಿಗೆ ಹೋಗಿತ್ತು. 1980ರ ಆಸುಪಾಸಿನಲ್ಲಿ ರೌನ್‌ಟ್ರೀ ಮ್ಯಾಕಿಂಟಾಷ್ ಮತ್ತು ನೆಸ್ಲೆ ಕಂಪನಿಗಳ ಮೇಲೆ ಇಬ್ಬರು ಸಿಖ್ಖರು ಬೇರೆ ಬೇರೆಯಾಗಿ ಕೇಸು ಹಾಕಿದರು. ಮಿಠಾಯಿ, ಚಾಕೊಲೇಟ್ ಕಾರ್ಖಾನೆಯಲ್ಲಿ ಗಡ್ಡ ಕೂಡದು ಅನ್ನುವ ನಿಯಮದಿಂದ ಅವರಿಗೆ ಕೆಲಸ ಸಿಗಲಿಲ್ಲ. ಎರಡರಲ್ಲೂ ಕೋರ್ಟು ಶುಚಿತ್ವದ ಕಾರಣವನ್ನು ಒಪ್ಪಿ ಕಂಪನಿ ಪರ ನಿಂತಿತು. ಮೊದಲ ಕೇಸಿನಲ್ಲಿ ಅದೇ ಕಂಪನಿಯ ಬೇರೆ ಕೆಲವು ಕಾರ್ಖಾನೆಗಳಲ್ಲಿ ಗಡ್ಡಕ್ಕೆ ಅಡ್ಡಿ ಇರಲಿಲ್ಲ ಅನ್ನುವುದೂ ಹೊರಬಂದಿತ್ತು, ಆದರೂ ಸೋತರು. ಇದನ್ನು ಹಿಡಿದುಕೊಂಡು ಇವತ್ತು "ಗಡ್ಡ ಬೋಳಿಸು" ಅನ್ನುವುದು ನನ್ನ ಪ್ರಕಾರ ಸೋಮಾರಿತನ. ಗಡ್ಡದ ಬಲೆ ಈಗ ಟೋಪಿಯಷ್ಟೇ ಸುಲಭವಾಗಿ ಸಿಗುತ್ತದೆ, ಆಗಲೇ ಹೇಳಿದ ಅಮೆರಿಕದ ನಿಯಮ ಅದನ್ನು ಹೆಸರಿಸಿಯೇ ಹೇಳುತ್ತದೆ, ಬಿಆರ್‌ಸಿಯಲ್ಲೂ ಗಡ್ಡ ಮೀಸೆಗೆ ಕವರ್ ಕೊಡಬೇಕು ಅಂತಿದೆ.

ಗಡ್ಡ ಅಂದ ಕೂಡಲೇ ಎಲ್ಲರ ತಲೆಗೆ ಬರುವುದು ಮುಸ್ಲಿಮರು, ಸಿಖ್ಖರು. ನನ್ನ ಅನುಭವದಲ್ಲಿ ಗಡ್ಡದ ಬಲೆ ಜಾಸ್ತಿ ಖರ್ಚಾಗುವುದು ನವೆಂಬರ್‌ನಿಂದ ಜನವರಿ ತನಕ, ಅಯ್ಯಪ್ಪ ಮಾಲೆಯ ಕಾಲದಲ್ಲಿ. 41 ದಿನ ವ್ರತ, ಶೇವಿಂಗ್ ಇಲ್ಲ. ಆ ಸ್ವಾಮಿಗಳಿಗೆ ಯಾವ ಮ್ಯಾನೇಜರೂ "ಬೋಳಿಸಿಕೊಂಡು ಬಾ" ಅಂದದ್ದನ್ನು ನಾನು ಕೇಳಿಲ್ಲ. ಅಲ್ಲಿಗೆ ಬಲೆ ಕೊಡಲು ಸಾಧ್ಯ ಇದೆ ಅಂತ ಆಯಿತಲ್ಲ. ಸ್ವಾಮಿಗಳಲ್ಲಿ ನಿಜವಾದ ತಕರಾರು ಗಡ್ಡಕ್ಕಲ್ಲ, ಬರಿಗಾಲಿಗೆ. ಕಾಲಿಗೆ ಏನೂ ಹಾಕದೆ ಬಿಸಿ ಎಣ್ಣೆ ಪಕ್ಕ ನಿಲ್ಲಿಸಲು ಆಗುವುದಿಲ್ಲ. ಕೆಲವರು ಕೆಲಸದ ಹೊತ್ತಿಗೆ ರಬ್ಬರ್ ಬೂಟು ಒಪ್ಪುತ್ತಾರೆ, ಒಪ್ಪದವರನ್ನು ಆ ಒಂದೂವರೆ ತಿಂಗಳು ಲೇಬಲ್ ಕಡೆ, ಲೆಕ್ಕದ ಕಡೆ ಹಾಕುತ್ತೇವೆ. ಸಂಬಳ ಕಡಿಮೆ ಮಾಡಬೇಡಿ. ಕಡಿಮೆ ಮಾಡಿದರೆ ಅದು ಹೊಂದಾಣಿಕೆ ಅಲ್ಲ, ಶಿಕ್ಷೆ.

ಮಾಲೆ ಮಣಿ, ಜನಿವಾರ, ಇಷ್ಟಲಿಂಗದ ಕರಡಿಗೆ, ತಾಳಿ, ತಾಯಿತ: ಎಲ್ಲ ಕತ್ತಿನ ತನಕ ಗುಂಡಿ ಹಾಕುವ ಕೋಟಿನ ಒಳಗೆ. ಅಷ್ಟೇ. ಕಾಲುಂಗುರ ಬೂಟಿನ ಒಳಗೇ ಇರುತ್ತದೆ, ಅದರ ತಂಟೆಗೆ ಹೋಗಬೇಡಿ. ಮೂಗುತಿ ಮಾಸ್ಕಿನ ಒಳಗೆ. ಜುಮಕಿ, ಸ್ಟಿಕ್ಕರ್ ಬೊಟ್ಟು ಬೇಡ (ಬೊಟ್ಟು ಬೇಕೆನ್ನುವವರು ಕುಂಕುಮವನ್ನು ತೆಳ್ಳಗೆ ಇಟ್ಟುಕೊಳ್ಳಲಿ, ಟೋಪಿ ಹಣೆಗೆ ಇಳಿದು ಅದನ್ನು ಮುಚ್ಚಬೇಕು). ಗಾಜಿನ ಬಳೆಗೆ ಮಾತ್ರ ನಾನು ಯಾವ ರಾಜಿಗೂ ಸಿದ್ಧನಿಲ್ಲ. ಒಡೆದ ಗಾಜು ಮೆಟಲ್ ಡಿಟೆಕ್ಟರಿಗೆ ಕಾಣುವುದಿಲ್ಲ, ಜರಡಿಯಲ್ಲೂ ಸಣ್ಣ ಚೂರು ಇಳಿದುಹೋಗುತ್ತದೆ. ಗಾಜಿನ ಬಳೆ ಬಿಚ್ಚಲು ಆಗದ ದಿನ ಬಂದವರಿಗೆ, ಸೀಮಂತದ ಬಳೆ ತೊಟ್ಟವರಿಗೆ, ಒಳಗೆ ಕೆಲಸ ಇಲ್ಲ, ಹೊರಗಿನ ಕೆಲಸ ಕೊಡುತ್ತೇನೆ.

ಹೂವಿನ ಜಗಳ

ಹೂವಿಗೆ ಉದುರುವುದೇ ಕೆಲಸ. ಎಸಳು ಉದುರುತ್ತದೆ, ಕಟ್ಟಿದ ನಾರು ಬೀಳುತ್ತದೆ, ಇರುವೆ, ಸಣ್ಣ ಹುಳ ಜೊತೆಗೇ ಬರುತ್ತವೆ. ಪುಡಿಯ ಪ್ಯಾಕೆಟ್ಟಿನಲ್ಲಿ ಒಣಗಿದ ಮಲ್ಲಿಗೆ ಎಸಳು ಒಮ್ಮೆ ಸಿಕ್ಕಿದೆ, ಗಿರಾಕಿ ಅದನ್ನು ಹುಳದ ರೆಕ್ಕೆ ಅಂದುಕೊಂಡಿದ್ದರು. ಅದು ಹುಳ ಅಲ್ಲ ಅಂತ ಒಪ್ಪಿಸಲು ನಾನು ಪಟ್ಟ ಪಾಡು ನನಗೇ ಗೊತ್ತು. ಟೋಪಿ ಒಳಗೆ ಮುಚ್ಚಿಟ್ಟರೂ ಆಗುವುದಿಲ್ಲ, ಸಂಜೆ ಹೊತ್ತಿಗೆ ಬಾಡಿ ಪುಡಿಯಾಗಿರುತ್ತದೆ, ಕೈಯೂ ಪದೇ ಪದೇ ಮೇಲೆ ಹೋಗುತ್ತದೆ.

ಇಲ್ಲಿ ಒಂದು ಕಹಿ ಮಾತು. ನಾನು ನೋಡಿದ ಒಂದು ಯೂನಿಟ್ಟಿನಲ್ಲಿ ತಲೆವಸ್ತ್ರ ಹಾಕಿದ ಹುಡುಗಿಯನ್ನು ಬಾಗಿಲಲ್ಲೇ ತಡೆದರು, ಅವಳ ಹಿಂದೆ ಬಂದ ಇಬ್ಬರು ಟೋಪಿಯೊಳಗೆ ಕನಕಾಂಬರ ಇಟ್ಟುಕೊಂಡು ನಗುತ್ತಾ ಒಳಗೆ ಹೋದರು. ತಡೆದವರಿಗೆ ಹೂವು ಕಾಣಲೇ ಇಲ್ಲ. ಅವರಿಗೆ ಅದು ಹೂವು, ಇದು ಧರ್ಮ. ಅಂಥ ಕಡೆ ಟೋಪಿ ನಿಯಮ ಶುಚಿತ್ವಕ್ಕೆ ಇದೆ ಅಂತ ಹೇಳಿದರೆ ಯಾರು ನಂಬುತ್ತಾರೆ? ಹೂವನ್ನು ತಡೆಯುವ ಧೈರ್ಯ ಇಲ್ಲದವರು ತಲೆವಸ್ತ್ರದ ಮಾತೆತ್ತಬಾರದು. ನಾವು ಮಾಡಿದ್ದು ಇಷ್ಟು: ಬಟ್ಟೆ ಬದಲಾಯಿಸುವ ಕೋಣೆಯಲ್ಲಿ ಮುಚ್ಚಳದ ಸ್ಟೀಲ್ ಡಬ್ಬಿಗಳು, ಒಳಗೆ ಒದ್ದೆ ಬಟ್ಟೆ. ಬೆಳಿಗ್ಗೆ ಹೂವು ಡಬ್ಬಿಗೆ, ಸಂಜೆ ಮುಡಿಗೆ. ಮೊದಲ ವಾರ ಗೊಣಗಿದರು. ಆಮೇಲೆ ಸಂಜೆ ಹೂವು ಬಾಡದೆ ಸಿಗುವುದು ಅವರಿಗೇ ಇಷ್ಟವಾಯಿತು, ಡಬ್ಬಿ ಸಾಲದೆ ಇನ್ನೂ ಹತ್ತು ತರಿಸಿದೆ.

ಯಾವ ಕಡೆಗೆ ಯಾವುದು

ಮುಚ್ಚಿದ ಪೆಟ್ಟಿಗೆ ಸಾಗಿಸುವ ಗೋಡೌನು, ಲೇಬಲ್ ಅಂಟಿಸುವ ಜಾಗ: ಶುಚಿಯಾದ ಯಾವ ತಲೆ ಹೊದಿಕೆಯೂ ನಡೆಯುತ್ತದೆ. ಅಲ್ಲೂ ಕಟ್ಟುನಿಟ್ಟು ಮಾಡುವುದು ಸುಮ್ನೆ ಜಂಬ.

ತೆರೆದ ಪುಡಿ, ತೆರೆದ ಕರಿದ ತಿಂಡಿ ಪ್ಯಾಕ್ ಮಾಡುವ ಟೇಬಲ್: ಯೂನಿಟ್ ಕೊಟ್ಟ ಹೊದಿಕೆ ಮಾತ್ರ, ಅದರ ಮೇಲೆ ನೀಲಿ ಟೋಪಿ, ಗಡ್ಡ ಇದ್ದರೆ ಬಲೆ. ಇಲ್ಲಿಂದ ಆಚೆಗೆ ತಿನ್ನುವವರು ಬೇಯಿಸುವುದಿಲ್ಲ, ಹಾಗೇ ಬಾಯಿಗೆ ಹೋಗುತ್ತದೆ. ಸಡಿಲ ಬಿಟ್ಟರೆ ಇಲ್ಲಿ ಬಿಡಬಾರದು.

ಪುಡಿ ಮಾಡುವ ಪಲ್ವರೈಸರ್, ಹಿಟ್ಟು ಕಲಸುವ ಮೆಷಿನ್, ಬೆಲ್ಟ್ ಓಡುವ ಕಡೆ: ಇಳಿಬಿದ್ದ ಏನೂ ಕೂಡದು. ತಲೆವಸ್ತ್ರದ ತುದಿ, ಪಗಡಿಯ ಸೆರಗು, ಸೀರೆ ಸೆರಗು, ದುಪಟ್ಟಾ, ಟೋಪಿಯಿಂದ ಹೊರಬಂದ ಜಡೆ, ಎಲ್ಲ ಒಂದೇ. ಬೆಲ್ಟಿಗೆ ಸಿಕ್ಕರೆ ತಲೆಯನ್ನೇ ಎಳೆಯುತ್ತದೆ. ಇಲ್ಲಿ ಬೇಡ ಅನ್ನುವುದಕ್ಕೆ ನಾನು ಯಾರ ಕ್ಷಮೆಯನ್ನೂ ಕೇಳುವುದಿಲ್ಲ. ಒಳಗೆ ಸಿಕ್ಕಿಸಿಕೊಂಡರೆ ಸರಿ, ಇಲ್ಲವಾದರೆ ಬೇರೆ ಕಡೆ ಕೆಲಸ.

ಒಲೆ, ಬಾಣಲೆ, ತವೆ: ಕಾಟನ್. ಅದು ಟೋಪಿಯೋ, ತಲೆವಸ್ತ್ರವೋ, ಪಟ್ಕಾವೋ ನಿಮ್ಮಿಷ್ಟ.

ಬರೆದಿಡುವುದು, ಆಡಿಟರ್ ಬಂದಾಗ

ನಿಯಮವನ್ನು ಕನ್ನಡದಲ್ಲಿ ಬರೆದು, ಉರ್ದು ಅಥವಾ ಹಿಂದಿ ಬೇಕಾದವರಿಗೆ ಅದರಲ್ಲೂ ಬರೆದು, ಚಿತ್ರ ಹಾಕಿ ಬಾಗಿಲಲ್ಲಿ ಅಂಟಿಸಿ. "ಹಿಜಾಬ್ ಹಾಕಬಹುದು" ಅಂತ ಬರೆಯಬೇಡಿ, "ಪಗಡಿ ನಡೆಯುತ್ತದೆ" ಅಂತಲೂ ಬೇಡ. ಹೀಗೆ ಬರೆಯಿರಿ: ಕೂದಲು, ಕಿವಿ ಪೂರ್ತಿ ಮುಚ್ಚಿರಬೇಕು, ಯೂನಿಟ್ಟಿನಲ್ಲಿ ಒಗೆದ ಬಟ್ಟೆ ಇರಬೇಕು ಅಥವಾ ಅದರ ಮೇಲೆ ಹೊಸ ಟೋಪಿ ಇರಬೇಕು, ಪಿನ್ನು ಇರಬಾರದು, ಇಳಿಬಿದ್ದ ತುದಿ ಇರಬಾರದು. ಹೀಗೆ ಬರೆದರೆ ಯಾರಿಗೂ ವಿಶೇಷ ಅನುಮತಿ ಕೊಟ್ಟ ಹಾಗೆ ಆಗುವುದಿಲ್ಲ, ನಾಳೆ ಇನ್ನೊಂದು ಊರಿನಿಂದ ಇನ್ನೊಂದು ಪದ್ಧತಿಯವರು ಬಂದರೂ ಮತ್ತೆ ಬರೆಯಬೇಕಾಗಿಲ್ಲ. ಆಡಿಟರ್ ಕೇಳಿದರೆ ಒಗೆದ ದಿನದ ರಿಜಿಸ್ಟರ್ ತೋರಿಸಿ. ನಮ್ಮಲ್ಲಿ ಒಬ್ಬ ಆಡಿಟರ್ ತಲೆವಸ್ತ್ರ ನೋಡಿ ಪೆನ್ನು ಎತ್ತಿದ್ದರು, ರಿಜಿಸ್ಟರ್ ನೋಡಿ ಪೆನ್ನು ಇಳಿಸಿದರು. ಅವರ ಬೇಸರ ಕೊನೆಗೆ ಯಾರ ಮೇಲೆ ಬಂತು ಗೊತ್ತಾ? ಮಾಲೀಕರ ಮೇಲೆ. ಬರಿತಲೆಯಲ್ಲಿ, ಫೋನಿನಲ್ಲಿ ಮಾತಾಡುತ್ತಾ, ಪ್ಯಾಕಿಂಗ್ ಒಳಗೆ ಬಂದುಬಿಟ್ಟಿದ್ದರು.

ಹಾಕಿಕೊಳ್ಳುವ ಕ್ರಮವೂ ಮುಖ್ಯ. ಮೊದಲು ತಲೆಗೆ, ಆಮೇಲೆ ಮಾಸ್ಕು, ಆಮೇಲೆ ಕೋಟು, ಕೊನೆಗೆ ಕೈ ತೊಳೆಯುವುದು. ಮೊದಲು ಕೋಟು ಹಾಕಿ ಆಮೇಲೆ ತಲೆ ಸರಿಮಾಡಿಕೊಂಡರೆ ಉದುರಿದ ಕೂದಲೆಲ್ಲ ಭುಜದ ಮೇಲೆ ಕೂತು ಒಳಗೆ ಹೋಗುತ್ತದೆ. ಬಾಗಿಲಲ್ಲಿ ಒಂದು ಅಂಟು ರೋಲರ್ ಇಟ್ಟರೆ ಒಳ್ಳೆಯದು, ಒಬ್ಬರ ಬೆನ್ನು ಇನ್ನೊಬ್ಬರು ಉಜ್ಜಿ ಒಳಗೆ ಹೋಗಲಿ.

ಹೊಸದಾಗಿ ತರಿಸುವವರು ಒಂದೇ ಸಲ ಸಾವಿರ ಆರ್ಡರ್ ಮಾಡಬೇಡಿ. ಒಂದು ವಾರ ಮೂರು ನಮೂನೆ ಕೊಟ್ಟು ನೋಡಿ, ಹಾಕಿಕೊಳ್ಳುವವರನ್ನೇ ಕೇಳಿ, ಮತ್ತೆ ಒಂದು ಗಂಟೆ ಕೂತು ಕೈ ಎಣಿಸಿ. ಟೋಪಿ ತರಿಸುವಾಗ ದೊಡ್ಡ ಅಳತೆಯದ್ದೇ ಅರ್ಧದಷ್ಟು ಇರಲಿ, ಅಂಗಡಿಯವರು ಕೊಡುವ ಮಾಮೂಲಿ ಅಳತೆ ನಮ್ಮ ಹೆಂಗಸರ ತುರುಬಿಗೆ ಸಾಲುವುದಿಲ್ಲ. ತಲೆವಸ್ತ್ರಕ್ಕೆ ಊರಿನ ಟೈಲರ್ ಹತ್ತಿರ ಒಂದು ಹೊಲಿಸಿ, ಒಗೆದು, ಕುಗ್ಗುತ್ತದಾ ನೋಡಿಕೊಂಡು ಆಮೇಲೆ ಉಳಿದದ್ದಕ್ಕೆ ಹೇಳಿ. ನಮ್ಮ ಮೊದಲ ಸಲದ ಹನ್ನೆರಡೂ ಎರಡನೇ ಒಗೆತಕ್ಕೇ ಕುಗ್ಗಿ ಈಗ ಮೆಷಿನ್ ಒರೆಸುವ ಬಟ್ಟೆಗಳಾಗಿವೆ.